ಮ್ಯಾಕ್ ಐಡಿ ಕೇಳಿದರೆ ಯಾವುದನ್ನು ಕೊಡಬೇಕು?

ಜೂನ್, ಜುಲೈ ಬಂತೆಂದರೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. 'ಹಾಸ್ಟೆಲ್ ವೈಫೈಗೆ ಲ್ಯಾಪ್‌ಟಾಪಿನ ಮ್ಯಾಕ್ ಐಡಿ ಬರೆದುಕೊಡಿ ಅಂತಿದ್ದಾರೆ ಸರ್, ಅದು ಎಲ್ಲಿರುತ್ತೆ?' ಇದು ಮೈಸೂರಿನ ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆಯ ಪಿಜಿಗಳಲ್ಲಿರುವ ಹುಡುಗ ಹುಡುಗಿಯರ ಪ್ರಶ್ನೆ. ಮಂಡ್ಯದ ಅಂಗಡಿಯವರದ್ದು ಸ್ವಲ್ಪ ಬೇರೆ. 'ಹಳೇ ರೂಟರ್ ಸುಟ್ಟೋಯ್ತು, ಹೊಸದು ಹಾಕಿದೆ, ನೆಟ್ ಬರ್ತಿಲ್ಲ. ಕೇಬಲ್‌ನವರು ಮ್ಯಾಕ್ ಐಡಿ ಕಳಿಸಿ ಅಂತಾರೆ.'

ಹುಡುಕುವುದು ಎರಡು ನಿಮಿಷದ ಕೆಲಸ. ಆದರೆ ಒಂದು ಕಂಪ್ಯೂಟರಿನಲ್ಲಿ ಇಂಥ ನಂಬರ್ ಎರಡು, ಮೂರು, ಕೆಲವೊಮ್ಮೆ ಆರೇಳು ಇರುತ್ತವೆ. ಅದರಲ್ಲಿ ತಪ್ಪು ನಂಬರ್ ಬರೆದುಕೊಟ್ಟು, ವಾರಗಟ್ಟಲೆ ನೆಟ್ ಇಲ್ಲದೆ ಒದ್ದಾಡಿದವರನ್ನು ತುಂಬಾ ನೋಡಿದ್ದೇನೆ. ಹಾಗಾಗಿ ಎಲ್ಲಿ ಸಿಗುತ್ತದೆ ಎಂಬುದರ ಜೊತೆಗೆ, ಸಿಕ್ಕಿದ್ದರಲ್ಲಿ ಯಾವುದು ಸರಿ ಎಂಬುದನ್ನೂ ಇಲ್ಲಿ ಬಿಡಿಸಿ ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ನಾನು ಕನ್ನಡ ಲಿಪಿಯಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್‌ನ ಚಿಕ್ಕ ಅಕ್ಷರಗಳನ್ನು ಬಳಸಿ. 'ಜಾಗ ಬಿಡಿ' ಎಂದು ಹೇಳಿದ ಕಡೆ ಮಾತ್ರ ಸ್ಪೇಸ್ ಒತ್ತಿ.

1. ಇದು ಏನು, ನೋಡಲು ಹೇಗಿರುತ್ತದೆ?

ಮ್ಯಾಕ್ ಎಂದರೆ ಮೀಡಿಯಾ ಆಕ್ಸೆಸ್ ಕಂಟ್ರೋಲ್. ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರಿಗೂ ಇದಕ್ಕೂ ಹೆಸರು ಒಂದೇ ಅನ್ನುವುದು ಬಿಟ್ಟರೆ ಸಂಬಂಧವಿಲ್ಲ. 'ನನ್ನದು ವಿಂಡೋಸ್, ಮ್ಯಾಕ್ ಅಲ್ಲ' ಎಂದುಕೊಂಡು ಫಾರಂನಲ್ಲಿ ಆ ಜಾಗ ಖಾಲಿ ಬಿಡಬೇಡಿ. ನೆಟ್‌ವರ್ಕಿಗೆ ಸೇರುವ ಪ್ರತಿಯೊಂದು ಸಾಧನಕ್ಕೂ ಮ್ಯಾಕ್ ಐಡಿ ಇರುತ್ತದೆ. ಮ್ಯಾಕ್ ಅಡ್ರೆಸ್, ಫಿಸಿಕಲ್ ಅಡ್ರೆಸ್, ಹಾರ್ಡ್‌ವೇರ್ ಅಡ್ರೆಸ್, ವೈಫೈ ಅಡ್ರೆಸ್ ಎಂದೆಲ್ಲ ಪರದೆಯ ಮೇಲೆ ಕಾಣುವುದು ಇದೇ.

ನೆಟ್‌ವರ್ಕ್ ಕಾರ್ಡ್ ತಯಾರಾಗುವಾಗಲೇ ಅದರೊಳಗೆ ಬರೆದಿಡುವ ನಂಬರ್ ಇದು. ಟ್ರ್ಯಾಕ್ಟರಿನ ಚಾಸಿ ನಂಬರ್ ಇದ್ದ ಹಾಗೆ. ನೆಟ್‌ವರ್ಕಿಗೆ ಸೇರಿದಾಗ ಸಾಧನಕ್ಕೆ ಸಿಗುವ ಐಪಿ ಅಡ್ರೆಸ್ ಬೇರೆ. ಅದು ಬಾಡಿಗೆ ಮನೆಯ ಡೋರ್ ನಂಬರ್ ಇದ್ದ ಹಾಗೆ, ಮನೆ ಬದಲಾದರೆ ಅದೂ ಬದಲಾಗುತ್ತದೆ. ಟ್ರ್ಯಾಕ್ಟರಿಗೆ ಚಾಸಿ ನಂಬರ್ ಒಂದು, ಎಂಜಿನ್ ನಂಬರ್ ಇನ್ನೊಂದು ಇರುತ್ತದೆ ಅಲ್ವಾ? ಕಂಪ್ಯೂಟರಿನಲ್ಲೂ ವೈಫೈ ಕಾರ್ಡಿಗೆ ಒಂದು, ತಂತಿ ಸಿಕ್ಕಿಸುವ ಲ್ಯಾನ್ ಕಾರ್ಡಿಗೆ ಇನ್ನೊಂದು, ಬ್ಲೂಟೂತಿಗೆ ಮತ್ತೊಂದು. ಈ ಲೇಖನದಲ್ಲಿ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮ್ಯಾಕ್ ಐಡಿ ಇರುವುದು ಕಾರ್ಡಿಗೆ, ಇಡೀ ಕಂಪ್ಯೂಟರಿಗೆ ಒಂದು ಅಂತ ಇರುವುದಿಲ್ಲ.

ನಂಬರಿನಲ್ಲಿ 12 ಅಂಕಿಗಳು, ಎರಡೆರಡರ 6 ಜೋಡಿ. ಉದಾಹರಣೆಗೆ 00-00-5ಇ-00-53-ಎ1. ಇದು ಉದಾಹರಣೆ ಕೊಡಲಿಕ್ಕೆಂದೇ ಮೀಸಲಿಟ್ಟ ಗುಂಪಿನ ನಂಬರ್. ಇದರಲ್ಲಿ 0ಯಿಂದ 9ರವರೆಗಿನ ಅಂಕಿಗಳು, ಎ ಇಂದ ಎಫ್‌ವರೆಗಿನ 6 ಅಕ್ಷರಗಳು ಮಾತ್ರ ಬರುತ್ತವೆ. ಹೀಗೆ 16 ಗುರುತುಗಳಲ್ಲಿ ಎಣಿಸುವ ಪದ್ಧತಿಗೆ ಹೆಕ್ಸಾಡೆಸಿಮಲ್ ಎನ್ನುತ್ತಾರೆ. ಇದರಿಂದ ನಿಮಗೆ ಎರಡು ಲಾಭ. ನಿಮಗೆ ಇಂಗ್ಲಿಷಿನ 'ಒ' ಅಕ್ಷರ ಕಂಡಂತಾದರೆ ಅದು ಖಂಡಿತ ಸೊನ್ನೆ. ಜಿ, ಎಚ್, ಟಿ, ಝೆಡ್ ಥರದ ಅಕ್ಷರ ಕಂಡರೆ ನೀವು ನೋಡುತ್ತಿರುವುದು ಮ್ಯಾಕ್ ಐಡಿಯೇ ಅಲ್ಲ.

ಮೊದಲ 6 ಅಂಕಿ ತಯಾರಕರ ಗುರುತು. ಐಟ್ರಿಪಲ್‌ಇ ಎಂಬ ಎಂಜಿನಿಯರುಗಳ ಸಂಸ್ಥೆ ಅದನ್ನು ಕಂಪನಿಗಳಿಗೆ ಹಂಚುತ್ತದೆ. ಉಳಿದ 6 ಅಂಕಿಯನ್ನು ಕಂಪನಿಯೇ ತನ್ನ ಒಂದೊಂದು ಕಾರ್ಡಿಗೂ ಬೇರೆ ಬೇರೆ ಕೊಡುತ್ತದೆ. ಒಂದು ಗುರುತಿನಡಿ ಸುಮಾರು 1.68 ಕೋಟಿ ಕಾರ್ಡುಗಳಿಗೆ ನಂಬರ್ ಕೊಡಬಹುದು.

ವಿಂಡೋಸ್ ಇದನ್ನು ಸಾಮಾನ್ಯವಾಗಿ ಅಡ್ಡಗೆರೆ ಹಾಕಿ ತೋರಿಸುತ್ತದೆ, ಲಿನಕ್ಸ್ ಮತ್ತು ಆಪಲ್ ಎರಡು ಚುಕ್ಕೆ ಹಾಕುತ್ತವೆ. ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಯಾವುದಾದರೂ ಸರಿ. ಎಲ್ಲ ಒಂದೇ.

2. ಹುಡುಕುವ ಮುಂಚೆ ಒಂದು ಪ್ರಶ್ನೆ ಕೇಳಿ

ಮ್ಯಾಕ್ ಐಡಿ ಕೇಳಿದವರನ್ನೇ ತಿರುಗಿ ಕೇಳಿ. 'ವೈಫೈದು ಬೇಕಾ, ಲ್ಯಾನ್‌ದು ಬೇಕಾ?' ಹಾಸ್ಟೆಲ್ ಕೋಣೆಯಲ್ಲಿ ವೈಫೈ ಬಳಸುವುದಾದರೆ ವೈಫೈ ಕಾರ್ಡಿನದ್ದು. ಲ್ಯಾಬಿನಲ್ಲಿ ಅಥವಾ ಆಫೀಸಿನಲ್ಲಿ ಗೋಡೆಯ ಪಾಯಿಂಟಿನಿಂದ ತಂತಿ ಎಳೆದು ಹಾಕುವುದಾದರೆ ಲ್ಯಾನ್ ಕಾರ್ಡಿನದ್ದು. ಎರಡೂ ಬಳಸುತ್ತೀರಾದರೆ ಎರಡನ್ನೂ ಹೆಸರು ಬರೆದು ಕೊಡಿ.

ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ಲ್ಯಾನ್ ತೂತೇ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಚಿಕ್ಕ ಲ್ಯಾನ್ ಅಡಾಪ್ಟರ್ ಬಳಸುತ್ತೀರಿ. ಆಗ ಮ್ಯಾಕ್ ಐಡಿ ಸಾಮಾನ್ಯವಾಗಿ ಆ ಅಡಾಪ್ಟರಿನದ್ದು, ಲ್ಯಾಪ್‌ಟಾಪಿನದ್ದಲ್ಲ. ಗೆಳೆಯನ ಅಡಾಪ್ಟರ್ ಸಿಕ್ಕಿಸಿಕೊಂಡು ಅದರ ನಂಬರ್ ನೋಂದಾಯಿಸಿದರೆ, ಅವನು ಅದನ್ನು ವಾಪಸ್ ಒಯ್ದ ದಿನ ನಿಮ್ಮ ನೆಟ್ ಹೋಗುತ್ತದೆ.

3. ವಿಂಡೋಸ್‌ನಲ್ಲಿ

ಜಾಸ್ತಿ ಜನರ ಬಳಿ ಇರುವುದು ಇದೇ, ತಪ್ಪಾಗುವುದೂ ಇಲ್ಲೇ ಜಾಸ್ತಿ. ನಿಧಾನವಾಗಿ ನೋಡಿ.

ಸುಲಭದ ದಾರಿ ಸೆಟ್ಟಿಂಗ್ಸ್‌ನದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆಯಿರಿ, 'ನೆಟ್‌ವರ್ಕ್ ಅಂಡ್ ಇಂಟರ್ನೆಟ್' ಒತ್ತಿ, 'ವೈಫೈ' ಒತ್ತಿ, ಅದರೊಳಗೆ 'ಹಾರ್ಡ್‌ವೇರ್ ಪ್ರಾಪರ್ಟೀಸ್' ಒತ್ತಿ. 'ಫಿಸಿಕಲ್ ಅಡ್ರೆಸ್' ಎಂಬ ಸಾಲು ಕೆಳಗೆ ಇರುತ್ತದೆ. ಲ್ಯಾನ್ ಬೇಕಿದ್ದರೆ ವೈಫೈ ಬದಲು 'ಈಥರ್‌ನೆಟ್' ಒತ್ತಿ. ವಿಂಡೋಸ್ 10ರಲ್ಲಿ ಅದೇ ಜಾಗದ 'ಸ್ಟೇಟಸ್' ಪುಟದಲ್ಲಿ 'ವ್ಯೂ ಹಾರ್ಡ್‌ವೇರ್ ಅಂಡ್ ಕನೆಕ್ಷನ್ ಪ್ರಾಪರ್ಟೀಸ್' ಎಂಬ ಕೊಂಡಿ ಇದೆ. ಈ ದಾರಿಯಲ್ಲಿ ಯಾವ ಕಾರ್ಡು ಎಂದು ನೀವೇ ಆರಿಸಿ ಒಳಗೆ ಹೋಗುತ್ತೀರಿ. ಹಾಗಾಗಿ ಹೊಸಬರಿಗೆ ನಾನು ಇದನ್ನೇ ಹೇಳುವುದು.

ಎರಡನೆಯದು ಕಮಾಂಡ್ ಪ್ರಾಂಪ್ಟ್, ಅಂದರೆ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ. ಹಳೆಯ ವಿಂಡೋಸ್‌ನಲ್ಲೂ ಇದು ನಡೆಯುತ್ತದೆ. ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀ ಮತ್ತು ಆರ್ ಒಟ್ಟಿಗೆ ಒತ್ತಿ. ಬಂದ ಚಿಕ್ಕ ಪೆಟ್ಟಿಗೆಯಲ್ಲಿ ಸಿ ಎಂ ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ಬಂದ ಮೇಲೆ ಐ ಪಿ ಸಿ ಒ ಎನ್ ಎಫ್ ಐ ಜಿ ಎಂದು ಹೊಡೆದು, ಜಾಗ ಬಿಡಿ. ನಂತರ ಮುಂದಕ್ಕೆ ವಾಲಿದ ಓರೆಗೆರೆ, ಅಂದರೆ ಪ್ರಶ್ನಾರ್ಥಕ ಚಿಹ್ನೆ ಇರುವ ಕೀಲಿಯದು. ಅದಕ್ಕೆ ಅಂಟಿಸಿ ಎ ಎಲ್ ಎಲ್. ಎಂಟರ್.

ಈಗ ಉದ್ದನೆಯ ಪಟ್ಟಿ ಬರುತ್ತದೆ. ಗಾಬರಿಯಾಗಬೇಡಿ. ಮೇಲಕ್ಕೆ ಸರಿಸಿ, 'ವೈರ್‌ಲೆಸ್ ಲ್ಯಾನ್ ಅಡಾಪ್ಟರ್ ವೈಫೈ' ಎಂಬ ತಲೆಬರಹ ಹುಡುಕಿ. ಅದರ ಕೆಳಗಿನ 'ಫಿಸಿಕಲ್ ಅಡ್ರೆಸ್' ನಿಮ್ಮ ವೈಫೈ ಕಾರ್ಡಿನದು. 'ಈಥರ್‌ನೆಟ್ ಅಡಾಪ್ಟರ್ ಈಥರ್‌ನೆಟ್' ಎಂಬುದರ ಕೆಳಗಿರುವುದು ಲ್ಯಾನ್ ಕಾರ್ಡಿನದು. 'ಮೀಡಿಯಾ ಡಿಸ್‌ಕನೆಕ್ಟೆಡ್' ಎಂದಿದ್ದರೆ ತಂತಿ ಸಿಕ್ಕಿಸಿಲ್ಲ ಎಂದರ್ಥ ಅಷ್ಟೇ, ನಂಬರ್ ಸರಿಯಾಗೇ ಇರುತ್ತದೆ.

ಇಲ್ಲಿ ಎಡವಿ ಬೀಳುವಂಥ ನಾಲ್ಕು ಜಾಗಗಳಿವೆ.

ಒಂದು, 'ಲೋಕಲ್ ಏರಿಯಾ ಕನೆಕ್ಷನ್' ಎಂಬ ಹೆಸರಿನ ಮುಂದೆ ನಕ್ಷತ್ರ ಚಿಹ್ನೆ ಇರುವ ಸಾಲುಗಳು. ವಿವರಣೆಯಲ್ಲಿ 'ವೈಫೈ ಡೈರೆಕ್ಟ್ ವರ್ಚುವಲ್ ಅಡಾಪ್ಟರ್' ಎಂದಿರುತ್ತದೆ. ವರ್ಚುವಲ್ ಎಂದರೆ ನಿಜವಾದ ಕಾರ್ಡಲ್ಲ, ವಿಂಡೋಸ್ ತನ್ನ ಅನುಕೂಲಕ್ಕೆ ಮಾಡಿಕೊಂಡದ್ದು. ಈ ಸಾಲುಗಳು ಪಟ್ಟಿಯಲ್ಲಿ ನಿಜವಾದ ವೈಫೈಗಿಂತ ಮೇಲೇ ಕಾಣಬಹುದು. ನಂಬರೂ ಹೆಚ್ಚುಕಡಿಮೆ ಅದೇ ಥರ ಇರುತ್ತದೆ, ಒಂದೋ ಎರಡೋ ಅಂಕಿ ಮಾತ್ರ ವ್ಯತ್ಯಾಸ. ಹಾಸ್ಟೆಲ್ ಫಾರಂಗಳಲ್ಲಿ ನಾನು ಕಂಡ ತಪ್ಪುಗಳಲ್ಲಿ ಇದೇ ಮೊದಲನೆಯದು.

ಎರಡು, 'ಡಿಎಚ್‌ಸಿಪಿವಿ6 ಕ್ಲೈಂಟ್ ಡಿಯುಐಡಿ' ಎಂಬ ಸಾಲು. ಇದು 14 ಜೋಡಿಯ ಉದ್ದ ನಂಬರ್. ಇದರ ಕೊನೆಯ 6 ಜೋಡಿ ಮ್ಯಾಕ್ ಐಡಿಯ ಹಾಗೇ ಕಾಣುತ್ತದೆ, ಆದರೆ ಅದು ಬೇರೆ ಕಾರ್ಡಿನದ್ದಾಗಿರಬಹುದು. ಮುಟ್ಟಬೇಡಿ.

ಮೂರು, ಕಂಪ್ಯೂಟರ್ ಸೈನ್ಸ್ ಓದುವವರ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ಬಾಕ್ಸ್, ವಿಎಂವೇರ್, ಹೈಪರ್-ವಿ ಥರದವು ಇರುತ್ತವೆ. ಇವು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್‌ಗಳು. ಅವಕ್ಕೂ ತಮ್ಮದೇ ಕಾಲ್ಪನಿಕ ಕಾರ್ಡುಗಳಿವೆ. ನಂಬರಿನ ಮೊದಲ 6 ಅಂಕಿ 08-00-27 ಅಥವಾ 0ಎ-00-27 ಆಗಿದ್ದರೆ ವರ್ಚುವಲ್ಬಾಕ್ಸ್. 00-50-56 ಆಗಿದ್ದರೆ ವಿಎಂವೇರ್. 00-15-5ಡಿ ಆಗಿದ್ದರೆ ಹೈಪರ್-ವಿ. ಇವು ಯಾವುವೂ ವಾರ್ಡನ್‌ಗೆ ಕೊಡುವಂಥವಲ್ಲ. ವಿಂಡೋಸ್‌ನೊಳಗೇ ಲಿನಕ್ಸ್ ಹಾಕಿಕೊಂಡವರು ಆ ಲಿನಕ್ಸ್ ಕಿಟಕಿಯಲ್ಲಿ ಮ್ಯಾಕ್ ಐಡಿ ನೋಡಬೇಡಿ, ಅಲ್ಲೂ ಕಾಲ್ಪನಿಕ ಕಾರ್ಡಿನದೇ ಸಿಗಬಹುದು.

ನಾಲ್ಕು, ಬ್ಲೂಟೂತ್. 'ಬ್ಲೂಟೂತ್ ನೆಟ್‌ವರ್ಕ್ ಕನೆಕ್ಷನ್' ಎಂಬುದರ ಕೆಳಗಿನದು ಬೇಡ.

ಪಟ್ಟಿ ಚಿಕ್ಕದಾಗಿ ಬೇಕಿದ್ದರೆ ಇನ್ನೊಂದು ಆಜ್ಞೆ ಇದೆ. ಜಿ ಇ ಟಿ ಎಂ ಎ ಸಿ ಎಂದು ಹೊಡೆದು, ಜಾಗ ಬಿಟ್ಟು, ಅದೇ ಓರೆಗೆರೆ ಮತ್ತು ವಿ. ಕಾರ್ಡಿನ ಹೆಸರು, ಅದರ ನಂಬರ್ ಅಕ್ಕಪಕ್ಕ ಬರುತ್ತವೆ. ಕೊನೆಯ ವಿ ಮರೆಯಬೇಡಿ. ಅದಿಲ್ಲದಿದ್ದರೆ ಕಾರ್ಡಿನ ಹೆಸರಿಲ್ಲದೆ ಬರೀ ನಂಬರ್ ಬರುತ್ತದೆ, ಯಾವುದು ಯಾರದ್ದು ಗೊತ್ತಾಗುವುದಿಲ್ಲ.

4. ಆಪಲ್ ಮ್ಯಾಕ್‌ನಲ್ಲಿ

ಕೀಬೋರ್ಡಿನ ಆಪ್ಷನ್ ಕೀ ಒತ್ತಿ ಹಿಡಿದುಕೊಂಡು, ಮೇಲಿನ ಪಟ್ಟಿಯ ವೈಫೈ ಚಿತ್ರದ ಮೇಲೆ ಕ್ಲಿಕ್ ಮಾಡಿ. ಸುಮ್ನೆ ಕ್ಲಿಕ್ ಮಾಡಿದರೆ ಕಾಣದ ವಿವರಗಳು ಈಗ ಕಾಣುತ್ತವೆ, ಅದರಲ್ಲಿ ಅಡ್ರೆಸ್ ಕೂಡ ಇರುತ್ತದೆ. ಇಲ್ಲವಾದರೆ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ವೈಫೈ, ನೀವು ಸೇರಿರುವ ನೆಟ್‌ವರ್ಕಿನ ಪಕ್ಕದ 'ಡೀಟೇಲ್ಸ್', ಅಲ್ಲಿ 'ಹಾರ್ಡ್‌ವೇರ್'.

ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ ನೋಡುವವರಿಗೆ ಒಂದು ಎಚ್ಚರಿಕೆ. ಇ ಎನ್ 0 ಎಂಬ ಕಾರ್ಡೇ ಯಾವಾಗಲೂ ವೈಫೈ ಎಂದುಕೊಳ್ಳಬೇಡಿ. ಲ್ಯಾನ್ ತೂತಿಲ್ಲದ ಮ್ಯಾಕ್‌ಬುಕ್‌ನಲ್ಲಿ ಅದು ವೈಫೈ. ಲ್ಯಾನ್ ತೂತಿರುವ ಆಪಲ್ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಅದು ಲ್ಯಾನ್, ವೈಫೈ ಇ ಎನ್ 1 ಆಗಿರುತ್ತದೆ.

2024ರಲ್ಲಿ ಬಂದ ಸಿಕೋಯಾ ಎಂಬ ಆವೃತ್ತಿಯಿಂದ ಆಪಲ್ ಕಂಪ್ಯೂಟರುಗಳಲ್ಲೂ 'ಪ್ರೈವೇಟ್ ವೈಫೈ ಅಡ್ರೆಸ್' ಇದೆ. ಅದೇನೆಂದು 6ರಲ್ಲಿ ಹೇಳಿದ್ದೇನೆ, ಅದನ್ನು ಓದದೆ ನಂಬರ್ ಕೊಡಬೇಡಿ.

5. ಲಿನಕ್ಸ್‌ನಲ್ಲಿ

ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ ಸೆಟ್ಟಿಂಗ್ಸ್, ವೈಫೈ, ಸೇರಿರುವ ನೆಟ್‌ವರ್ಕಿನ ಪಕ್ಕದ ಹಲ್ಲುಚಕ್ರದ ಚಿತ್ರ. 'ಹಾರ್ಡ್‌ವೇರ್ ಅಡ್ರೆಸ್' ಎಂಬ ಸಾಲು ಅಲ್ಲಿದೆ.

ಟರ್ಮಿನಲ್ ಆದರೆ ಐ ಪಿ, ಜಾಗ ಬಿಡಿ, ಎಲ್ ಐ ಎನ್ ಕೆ. ಒಂದೊಂದು ಕಾರ್ಡಿಗೆ ಎರಡೆರಡು ಸಾಲು ಬರುತ್ತದೆ. ಎಲ್ ಒ ಎಂಬುದು ಕಂಪ್ಯೂಟರ್ ತನ್ನೊಡನೆ ತಾನೇ ಮಾತಾಡುವ ದಾರಿ. ಅದರ ನಂಬರ್ ಪೂರ್ತಿ ಸೊನ್ನೆ, ಬಿಟ್ಟುಬಿಡಿ. ಡಬ್ಲ್ಯೂ ಎಲ್ ಎಂದು ಶುರುವಾಗುವ ಹೆಸರು ವೈಫೈ. ಇ ಎನ್ ಅಥವಾ ಇ ಟಿ ಎಚ್ ಎಂದು ಶುರುವಾಗುವುದು ಲ್ಯಾನ್. 'ಲಿಂಕ್/ಈಥರ್' ಎಂಬುದರ ಮುಂದಿರುವ ನಂಬರ್ ನಿಮಗೆ ಬೇಕಾದದ್ದು. ಅದೇ ಸಾಲಿನ ಕೊನೆಯಲ್ಲಿ ಬರೀ ಎಫ್ ಅಕ್ಷರಗಳ ನಂಬರ್ ಒಂದಿರುತ್ತದೆ. ಅದು ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳಲು ಬಳಸುವ ಸಾರ್ವಜನಿಕ ವಿಳಾಸ. ಜಗತ್ತಿನ ಎಲ್ಲ ಕಂಪ್ಯೂಟರಿನಲ್ಲೂ ಅದು ಹಾಗೇ ಇರುತ್ತದೆ, ನಿಮ್ಮದಲ್ಲ.

ಹೊಸ ಆವೃತ್ತಿಗಳಲ್ಲಿ 'ಪರ್ಮ್ಅಡ್ರ್' ಎಂಬ ಪದದ ಮುಂದೆ ಇನ್ನೊಂದು ನಂಬರ್ ಕಂಡರೆ, ಈಗ ಬಳಕೆಯಲ್ಲಿರುವುದು ಬದಲಾಯಿಸಿದ ನಂಬರ್, ಕಾರ್ಡಿನ ಮೂಲ ನಂಬರ್ ಇದು ಎಂದರ್ಥ.

6. ಫೋನುಗಳಲ್ಲಿ, ಮತ್ತು ಬದಲಾಗುವ ನಂಬರಿನ ವಿಚಾರ

ಇದನ್ನು ಗಮನವಿಟ್ಟು ಓದಿ. 'ನೋಂದಾಯಿಸಿಕೊಂಡಿದ್ದಾರೆ, ಆದರೂ ನೆಟ್ ಬರುತ್ತಿಲ್ಲ' ಎನ್ನುವವರಲ್ಲಿ ಬಹಳಷ್ಟು ಜನರ ಸಮಸ್ಯೆ ಇದೇ.

ಮ್ಯಾಕ್ ಐಡಿ ಬದಲಾಗುವುದಿಲ್ಲವಾದ್ದರಿಂದ, ಅದನ್ನು ಹಿಡಿದು ಒಬ್ಬ ಮನುಷ್ಯ ಎಲ್ಲೆಲ್ಲಿ ಓಡಾಡಿದ ಎಂದು ಪತ್ತೆ ಹಚ್ಚಬಹುದು. ಮಾಲ್‌ನಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ ನಿಮ್ಮ ಫೋನು ವೈಫೈ ಹುಡುಕುವಾಗಲೆಲ್ಲ ತನ್ನ ನಂಬರ್ ಹೇಳಿಕೊಳ್ಳುತ್ತಿತ್ತು. ಇದನ್ನು ತಪ್ಪಿಸಲು ಫೋನ್‌ಗಳು ಒಂದೊಂದು ವೈಫೈಗೂ ಒಂದೊಂದು ಕಾಲ್ಪನಿಕ ನಂಬರ್ ತೋರಿಸಲು ಶುರು ಮಾಡಿದವು. ಆಂಡ್ರಾಯ್ಡ್‌ನಲ್ಲಿ 2019ರ ಆಂಡ್ರಾಯ್ಡ್ 10ರಿಂದ, ಐಫೋನಿನಲ್ಲಿ 2020ರ ಐಒಎಸ್ 14ರಿಂದ ಇದು ತಾನಾಗೇ ಆನ್ ಆಗಿರುತ್ತದೆ. ಒಳ್ಳೆಯ ಏರ್ಪಾಡು. ಆದರೆ ನೋಂದಾಯಿಸಿದ ನಂಬರಿಗೆ ಮಾತ್ರ ಬಾಗಿಲು ತೆರೆಯುವ ಹಾಸ್ಟೆಲ್ ವೈಫೈಯಲ್ಲಿ ಇದೇ ತೊಡಕಾಗುತ್ತದೆ. ನೀವು ಬರೆದುಕೊಟ್ಟದ್ದು ಫೋನಿನ ಅಸಲಿ ನಂಬರ್, ಫೋನು ಅಲ್ಲಿ ಹೇಳುತ್ತಿರುವುದು ಬೇರೆ ನಂಬರ್.

ಐಫೋನಿನ ಅಸಲಿ ನಂಬರ್ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ 'ವೈಫೈ ಅಡ್ರೆಸ್' ಎಂಬ ಸಾಲಿನಲ್ಲಿದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್' ಒಳಗೆ. ಕೆಲವು ಕಂಪನಿಗಳ ಫೋನಿನಲ್ಲಿ ಅದರೊಳಗಿನ 'ಸ್ಟೇಟಸ್' ಒತ್ತಬೇಕು.

ಅಸಲಿ ನಂಬರನ್ನು ನೋಂದಾಯಿಸಿದರೆ, ಆ ಒಂದು ವೈಫೈಗೆ ಮಾತ್ರ ಕಾಲ್ಪನಿಕ ನಂಬರನ್ನು ಆಫ್ ಮಾಡಿ. ಐಫೋನಿನಲ್ಲಿ ವೈಫೈ ಹೆಸರಿನ ಪಕ್ಕದ 'ಐ' ಗುರುತು ಒತ್ತಿ, 'ಪ್ರೈವೇಟ್ ವೈಫೈ ಅಡ್ರೆಸ್' ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ವೈಫೈ ಹೆಸರಿನ ಪಕ್ಕದ ಹಲ್ಲುಚಕ್ರ, ಅಲ್ಲಿ 'ಪ್ರೈವಸಿ' ಅಥವಾ 'ಮ್ಯಾಕ್ ಅಡ್ರೆಸ್ ಟೈಪ್', ಅದರಲ್ಲಿ 'ಡಿವೈಸ್ ಮ್ಯಾಕ್' ಅಥವಾ 'ಫೋನ್ ಮ್ಯಾಕ್' ಆರಿಸಿ. ಬಸ್ ಸ್ಟ್ಯಾಂಡ್, ಹೋಟೆಲು, ಮಾಲ್‌ಗಳ ವೈಫೈಗೆ ಇದನ್ನು ಆಫ್ ಮಾಡಬೇಡಿ. ಅದು ಅಲ್ಲಿ ನಿಮ್ಮನ್ನು ಕಾಯುತ್ತದೆ.

ವಿಂಡೋಸ್‌ನಲ್ಲೂ ವೈಫೈ ಪುಟದಲ್ಲಿ 'ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್' ಎಂಬ ಗುಂಡಿ ಇದೆ. ಸಾಮಾನ್ಯವಾಗಿ ಆಫ್ ಇರುತ್ತದೆ, ಆದರೂ ಒಮ್ಮೆ ನೋಡಿಕೊಳ್ಳಿ.

ಕಾಲ್ಪನಿಕ ನಂಬರನ್ನು ಕಣ್ಣಳತೆಯಲ್ಲೇ ಗುರುತಿಸಬಹುದು. ನಂಬರಿನ ಎರಡನೇ ಅಂಕಿ ನೋಡಿ. ಅದು 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ನಂಬರಲ್ಲ, ಸಾಫ್ಟ್‌ವೇರ್ ಮಾಡಿಕೊಂಡದ್ದು. ನಕ್ಷತ್ರ ಚಿಹ್ನೆಯ ಆ ವೈಫೈ ಡೈರೆಕ್ಟ್ ಸಾಲುಗಳಲ್ಲೂ ಕೆಲವು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ, ಎಲ್ಲವೂ ಅಲ್ಲ. 08-00-27 ಎಂದು ಶುರುವಾಗುವ ವರ್ಚುವಲ್ಬಾಕ್ಸ್, ವಿಎಂವೇರ್, ಹೈಪರ್-ವಿ ಸಿಕ್ಕಿಬೀಳುವುದಿಲ್ಲ, ಅವನ್ನು ಮೇಲೆ ಹೇಳಿದ ಮೊದಲ 6 ಅಂಕಿಗಳಿಂದಲೇ ಗುರುತಿಸಬೇಕು. ಫಾರಂ ಕೊಡುವ ಮುಂಚೆ ಈ ಪರೀಕ್ಷೆ ಮಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಐದು ಸೆಕೆಂಡ್ ಸಾಕು.

7. ರೂಟರ್ ಬದಲಾಯಿಸಿದವರಿಗೆ

ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ಅಂಗಡಿಯವರೇ, ಇದು ನಿಮಗೆ. ಎಷ್ಟೋ ಸಣ್ಣ ಕೇಬಲ್ ಇಂಟರ್ನೆಟ್‌ನವರು ನಿಮ್ಮ ಕನೆಕ್ಷನ್ನನ್ನು ರೂಟರಿನ ಮ್ಯಾಕ್ ಐಡಿಗೆ ಕಟ್ಟಿಹಾಕಿರುತ್ತಾರೆ. ಇದಕ್ಕೆ ಮ್ಯಾಕ್ ಬೈಂಡಿಂಗ್ ಎನ್ನುತ್ತಾರೆ. ಹೊಸ ರೂಟರಿನ ನಂಬರ್ ಅವರ ಪಟ್ಟಿಗೆ ಸೇರುವವರೆಗೆ ನೆಟ್ ಬರುವುದಿಲ್ಲ. ರೂಟರ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಒಯ್ಯಬೇಡಿ.

ರೂಟರ್ ತಿರುಗಿಸಿ ನೋಡಿದರೆ ತಳದ ಚೀಟಿಯಲ್ಲಿ ಮ್ಯಾಕ್ ಎಂದು ಬರೆದಿರುತ್ತದೆ. ಆದರೆ ರೂಟರಿನಲ್ಲೂ ಹೊರಗಿನ ತಂತಿಗೆ ಒಂದು, ಒಳಗಿನ ಲ್ಯಾನ್‌ಗೆ ಒಂದು, ವೈಫೈಗೆ ಒಂದು ನಂಬರ್ ಇರಬಹುದು. ಹೆಚ್ಚಾಗಿ ಕೊನೆಯ ಅಂಕಿ ಒಂದೋ ಎರಡೋ ಆಚೆ ಈಚೆ ಇರುತ್ತದೆ. ಕೇಬಲ್‌ನವರಿಗೆ ಬೇಕಾದದ್ದು ಹೊರಗಿನದು, ಅಂದರೆ 'ವ್ಯಾನ್' ಮ್ಯಾಕ್. ಚೀಟಿಯಲ್ಲಿ ಒಂದೇ ಇದ್ದರೆ ಅದನ್ನು ನಂಬಿ ಕಳಿಸಬೇಡಿ. ರೂಟರಿನ ಸೆಟ್ಟಿಂಗ್ ಪುಟ ತೆರೆದು 'ಸ್ಟೇಟಸ್' ಒಳಗೆ ವ್ಯಾನ್ ಎಂಬ ಭಾಗದಲ್ಲಿ ನೋಡಿ. ಭಾನುವಾರವಾಗಿ ಕೇಬಲ್‌ನವರು ಫೋನ್ ಎತ್ತದಿದ್ದರೆ, ಅದೇ ಪುಟದಲ್ಲಿ 'ಮ್ಯಾಕ್ ಕ್ಲೋನ್' ಎಂಬ ಸೌಲಭ್ಯ ಇದೆಯಾ ನೋಡಿ. ಹಳೆಯ ರೂಟರಿನ ವ್ಯಾನ್ ನಂಬರನ್ನು ಅಲ್ಲಿ ತುಂಬಿದರೆ ಹೊಸದು ಅದೇ ನಂಬರ್ ಹೇಳುತ್ತದೆ. ಹಳೆಯದನ್ನು ಗುಜರಿಗೆ ಹಾಕುವ ಮುಂಚೆ ಅದರ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ.

ಫೈಬರ್ ಹಾಕಿಸಿಕೊಂಡವರ ಪೆಟ್ಟಿಗೆಯ ಚೀಟಿಯಲ್ಲಿ ಇನ್ನೊಂದು 12 ಅಕ್ಷರದ ನಂಬರ್ ಇರುತ್ತದೆ. ಅದು ಪಾನ್ (ಪಿ ಒ ಎನ್) ಸೀರಿಯಲ್ ನಂಬರ್, ಅಂದರೆ ಫೈಬರ್ ಪೆಟ್ಟಿಗೆಯ ಗುರುತಿನ ನಂಬರ್. ಮೊದಲ ನಾಲ್ಕು ಅಕ್ಷರ ಕಂಪನಿಯ ಹೆಸರಿನ ಸಂಕೇತ. ಉದ್ದ ಒಂದೇ ಆದ್ದರಿಂದ ಗೊಂದಲವಾಗುತ್ತದೆ. ಎಫ್ ದಾಟಿದ ಅಕ್ಷರ ಇದೆಯಾ ನೋಡಿ, ಇದ್ದರೆ ಅದು ಮ್ಯಾಕ್ ಅಲ್ಲ.

8. ಸಾಧನ ಆನ್ ಆಗದಿದ್ದರೆ, ಪರದೆ ಇಲ್ಲದಿದ್ದರೆ

ಲ್ಯಾಪ್‌ಟಾಪಿನ ತಳ, ಮದರ್‌ಬೋರ್ಡಿನ ಚೀಟಿ, ತಂದ ಪೆಟ್ಟಿಗೆ, ಇಲ್ಲೆಲ್ಲಾದರೂ ಸಿಗಬಹುದು. ಪ್ರಿಂಟರ್ ಆದರೆ ಅದರ ನೆಟ್‌ವರ್ಕ್ ವಿವರದ ಪುಟ ಪ್ರಿಂಟ್ ಮಾಡಿಸಿ. ಸಿಸಿಟಿವಿ ಡಿವಿಆರ್ ಆದರೆ ಅದರ ನೆಟ್‌ವರ್ಕ್ ಮೆನು ನೋಡಿ. ರೂಟರಿನ ಪುಟದಲ್ಲಿ ಸೇರಿರುವ ಸಾಧನಗಳ ಪಟ್ಟಿಯೂ ಇರುತ್ತದೆ. ವಿಂಡೋಸ್ ಕಪ್ಪು ಕಿಟಕಿಯಲ್ಲಿ ಎ ಆರ್ ಪಿ, ಜಾಗ ಬಿಟ್ಟು, ಅಡ್ಡಗೆರೆ ಮತ್ತು ಎ ಹೊಡೆದರೆ, ನಿಮ್ಮ ಕಂಪ್ಯೂಟರ್ ಇತ್ತೀಚೆಗೆ ಮಾತಾಡಿದ ಅದೇ ನೆಟ್‌ವರ್ಕಿನ ಸಾಧನಗಳ ಐಪಿ ಮತ್ತು ಮ್ಯಾಕ್ ಜೊತೆಯಾಗಿ ಬರುತ್ತವೆ. ರೂಟರಿನಾಚೆಯ ಸಾಧನಗಳದ್ದು ಹೀಗೆ ಸಿಗುವುದಿಲ್ಲ.

9. ಬರೆದುಕೊಡುವಾಗ, ಹೇಳುವಾಗ

ಕೈಯಲ್ಲಿ ನೋಡಿ ಬರೆದರೆ 8 ಮತ್ತು ಬಿ, 0 ಮತ್ತು ಡಿ ಅದಲುಬದಲಾಗುತ್ತವೆ. ಸಾಧ್ಯವಾದರೆ ಕಾಪಿ ಮಾಡಿ ಮೆಸೇಜಿನಲ್ಲಿ ಕಳಿಸಿ. ಇಲ್ಲವಾದರೆ ಬರೆದ ಮೇಲೆ ಹಿಂದಿನಿಂದ ಮುಂದಕ್ಕೆ ಒಮ್ಮೆ ತಾಳೆ ನೋಡಿ. 12 ಅಂಕಿ ಇದೆಯಾ ಎಣಿಸಿ.

ಫೋನಿನಲ್ಲಿ ಹೇಳಲೇಬೇಕಾದರೆ ಒಂದು ಉಪಾಯ. ಅಂಕಿಗಳನ್ನು ಕನ್ನಡದಲ್ಲಿ ಹೇಳಿ, ಅಕ್ಷರಗಳನ್ನು ಇಂಗ್ಲಿಷಿನಲ್ಲಿ. 'ಏಟ್' ಮತ್ತು 'ಎ' ಫೋನಿನಲ್ಲಿ ಒಂದೇ ಥರ ಕೇಳುತ್ತವೆ, 'ಎಂಟು' ಅಂದರೆ ಗೊಂದಲವಿಲ್ಲ. ಬಿ, ಸಿ, ಡಿ, ಇ ನಾಲ್ಕೂ ಕಿವಿಗೆ ಒಂದೇ ಥರ. ಊರ ಹೆಸರು ಸೇರಿಸಿ ಹೇಳಿ. ಬೆಂಗಳೂರಿನ ಬಿ, ಚಾಮರಾಜನಗರದ ಸಿ, ದಾವಣಗೆರೆಯ ಡಿ.

ಕೊಟ್ಟರೆ ಅಪಾಯವಾ ಎಂದು ಕೇಳುವವರಿದ್ದಾರೆ. ಹಾಸ್ಟೆಲಿಗೆ, ನಿಮ್ಮ ಕೇಬಲ್‌ನವರಿಗೆ ಕೊಡಲು ಹೆದರಬೇಕಿಲ್ಲ, ಇದು ಪಾಸ್‌ವರ್ಡ್ ಅಲ್ಲ. ಎಲ್ಲರೂ ನೋಡುವ ಗ್ರೂಪಿನಲ್ಲಿ ಮಾತ್ರ ಹಾಕಬೇಡಿ. ಅದರಲ್ಲೂ ರೂಟರಿನ ವೈಫೈ ನಂಬರ್ ಹಿಡಿದು ಅದು ಇರುವ ಜಾಗ ಪತ್ತೆ ಮಾಡಬಹುದು. ಮ್ಯಾಕ್ ಐಡಿ ಕೇಳುವ ನೆಪದಲ್ಲಿ ಯಾರಾದರೂ ಒಟಿಪಿ ಕೇಳಿದರೆ, ಅಥವಾ ನಿಮ್ಮ ಪರದೆ ಅವರಿಗೆ ಕಾಣುವಂಥ ಆ್ಯಪ್ ಹಾಕಿಸಿದರೆ ಫೋನ್ ಇಟ್ಟುಬಿಡಿ. ಮ್ಯಾಕ್ ಐಡಿಗೆ ಅದಾವುದೂ ಬೇಡ. ಇನ್ನು ಅಂಗಡಿಯವರು, ಪಟ್ಟಿಯಲ್ಲಿರುವ ಮ್ಯಾಕ್ ಐಡಿಗಳಿಗೆ ಮಾತ್ರ ವೈಫೈ ಬಿಟ್ಟಿದ್ದೇನೆ ಎಂದು ಪಾಸ್‌ವರ್ಡ್ ತೆಗೆದುಹಾಕಬೇಡಿ. ಗೊತ್ತಿರುವವರು ಬೇರೊಬ್ಬರ ನಂಬರನ್ನು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡು ಸುಲಭವಾಗಿ ಒಳಗೆ ಬರುತ್ತಾರೆ.

ನಂಬರ್ ಕೊಟ್ಟ ಮೇಲೆ ಅದನ್ನು 'ವೈಫೈ' ಅಥವಾ 'ಲ್ಯಾನ್' ಎಂದು ಹೆಸರು ಸೇರಿಸಿ ನಿಮ್ಮ ಫೋನಿನಲ್ಲೂ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಬದಲಾಯಿಸಿದರೆ, ಲ್ಯಾನ್ ಸೇರಿಕೊಂಡಿರುವ ಮದರ್‌ಬೋರ್ಡ್ ಬದಲಾಯಿಸಿದರೆ ನಂಬರೂ ಬದಲಾಗುತ್ತದೆ. ರಿಪೇರಿಗೆ ಕೊಟ್ಟು ತಂದ ಮೇಲೆ ಹಾಸ್ಟೆಲ್ ನೆಟ್ ಬರದಿದ್ದರೆ, ಮೊದಲು ಆ ಹಳೆಯ ನಂಬರನ್ನು ಈಗಿನದರ ಜೊತೆ ಹೋಲಿಸಿ ನೋಡಿ.